ಹಲ್ವಾ ತಿನ್ನುವವಳಿಗೆ ಕೋಸಂಬರಿ ಯಾಕೆ ಆಗಲ್ಲ?

ಮಾನ್ಯ ಸಂಪಾದಕರೇ,

ರಾಮನವಮಿಗೆ ಮಗಳು ಜರ್ಮನಿಯ ಮ್ಯೂನಿಕ್‌ನಿಂದ ಬಂದಿದ್ದಳು. ಕ್ಯಾರೆಟ್ ತುರಿದು ಹಾಕಿದ್ದ ಕೋಸಂಬರಿ ಎರಡು ಚಮಚ ತಿಂದವಳೇ, 'ಅಮ್ಮಾ, ಬಾಯೆಲ್ಲಾ ತುರಿಸ್ತಿದೆ' ಅಂತ ತಟ್ಟೆ ಸರಿಸಿದಳು. ರಾತ್ರಿ ಕ್ಯಾರೆಟ್ ಹಲ್ವಾ ಮಾತ್ರ ಆರಾಮಾಗಿ ತಿಂದಳು. ನೆಂಟರು ಸುಮ್ನಿರ್ತಾರಾ? 'ಹಲ್ವಾ ಆಗುತ್ತೆ, ಕೋಸಂಬರಿ ಆಗಲ್ವಾ? ಫಾರಿನ್‌ಗೆ ಹೋದ ಮೇಲೆ ನಾಜೂಕು ಜಾಸ್ತಿ ಆಯ್ತು' ಅಂದರು. ನಾನೂ ಅವತ್ತು ಅವಳ ಪರ ಒಂದು ಮಾತಾಡಲಿಲ್ಲ. ಆ ಬೇಜಾರಿಗೇ ಈ ಪತ್ರ ಬರೆಯುತ್ತಿದ್ದೇನೆ.

ಅಲ್ಲಿ ವಸಂತದಲ್ಲಿ ಬರ್ಚ್ ಮರ ಹೂ ಬಿಟ್ಟು, ಅದರ ಪರಾಗ ಗಾಳಿಯಲ್ಲೆಲ್ಲ ತುಂಬಿರುತ್ತದೆ. ಅಲ್ಲಿಗೆ ಹೋದ ಮೂರನೇ ವರ್ಷಕ್ಕೆ ಅವಳಿಗೆ ಸೀನು, ಕಣ್ಣು ತುರಿಕೆ ಶುರುವಾಯಿತು. ಆ ಪರಾಗದಲ್ಲಿರುವ ಒಂದು ಪ್ರೋಟೀನನ್ನೇ ಹೋಲುವ ಪ್ರೋಟೀನ್‌ಗಳು ಸೇಬು, ಚೆರ್ರಿ, ಪೀಚ್, ಕ್ಯಾರೆಟ್, ಮೊಳಕೆ ಹೆಸರುಕಾಳಿನಲ್ಲೂ ಇವೆ. ಪರಾಗಕ್ಕೆ ಸಿಟ್ಟಾಗುವ ದೇಹ ಇವನ್ನೂ ಅದೇ ಅಂದುಕೊಂಡುಬಿಡುತ್ತದೆ, ತುಟಿ, ನಾಲಿಗೆ, ಗಂಟಲು ತುರಿಸುತ್ತವೆ. ಬೇಯಿಸಿದರೆ ಆ ಪ್ರೋಟೀನ್ ರೂಪ ಕಳೆದುಕೊಳ್ಳುತ್ತದೆ, ಅದಕ್ಕೇ ಹಲ್ವಾ ಏನೂ ಮಾಡಲಿಲ್ಲ. ನಾವೆಲ್ಲ ಯಾವುದನ್ನು ನೋಡಿ ಅವಳು ನಾಟಕ ಮಾಡ್ತಿದ್ದಾಳೆ ಅಂದುಕೊಂಡೆವೋ, ಅದೇ ಈ ಅಲರ್ಜಿಯ ಗುರುತಂತೆ!

ನಮ್ಮ ಮೈಸೂರು ಕಡೆ ಬರ್ಚ್ ಇಲ್ಲ, ನಿಜ. ಆದರೆ ಖಾಲಿ ಸೈಟು ಕಂಡಲ್ಲೆಲ್ಲ ಕಾಂಗ್ರೆಸ್ ಗಿಡ ಇದೆ ಅಲ್ವಾ? ಅಮೆರಿಕದ ರ‍್ಯಾಗ್‌ವೀಡ್ ಕಳೆಗೆ ಅದು ಹತ್ತಿರದ ಸಂಬಂಧಿ. ರ‍್ಯಾಗ್‌ವೀಡ್ ಪರಾಗ ಆಗದ ಕೆಲವರಿಗೆ ಕರಬೂಜ, ಬಾಳೆಹಣ್ಣು, ಸೌತೆಕಾಯಿ ತಿಂದರೆ ಬಾಯಿ ತುರಿಸುತ್ತದೆ. ಹಾಗಾಗಿ ಮಗು ಹಣ್ಣು ದೂರ ತಳ್ಳಿದರೆ ಬೈದು ತುರುಕಬೇಡಿ. ಬಾಯಿ ತುರಿಸುತ್ತಾ, ಯಾವ ತಿಂಗಳಲ್ಲಿ ಸೀನು ಜಾಸ್ತಿ ಅಂತ ಕೇಳಿ, ಡಾಕ್ಟರಿಗೆ ಎರಡನ್ನೂ ಒಟ್ಟಿಗೇ ಹೇಳಿ. ನಾವು ಇಲ್ಲಿ ತೋರಿಸಿದ ಕಡೆ 'ಹೀಟ್ ಆಗಿದೆ' ಅಂದು ಕಳಿಸಿದ್ದರು, ಸೀನಿನ ವಿಷಯ ಯಾರೂ ಕೇಳಲೇ ಇಲ್ಲ.

ಬಹಳ ಸಲ ತುರಿಕೆ ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯುತ್ತದೆ. ಆದರೆ ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಬರ್ಚ್ ಅಲರ್ಜಿ ಇರುವ ಕೆಲವರಿಗೆ ಸೋಯಾ ಹಾಲಿನಿಂದ ಹೀಗೆ ಜೋರಾಗಿ ಆಗಿದ್ದೂ ಇದೆ. ಕಡಲೆಕಾಯಿ, ಗೋಡಂಬಿಯಂಥವನ್ನು ಹುರಿದರೆ ಸರಿಹೋಗುತ್ತೆ ಅಂತ ಮನೆಯಲ್ಲೇ ಪರೀಕ್ಷೆ ಮಾಡಲು ಹೋಗಬೇಡಿ.

ನಿಮ್ಮ ಆರೋಗ್ಯ ಪುಟದಲ್ಲಿ ಅಲರ್ಜಿ ತಜ್ಞರಿಂದ ಇದರ ಬಗ್ಗೆ ಒಂದು ಲೇಖನ ಬರೆಸಿ, ದಯವಿಟ್ಟು. ನಮ್ಮ ನೆಂಟರೆಲ್ಲ ನಿಮ್ಮ ಪತ್ರಿಕೆಯನ್ನೇ ಓದುತ್ತಾರೆ.

– ಒಬ್ಬ ತಾಯಿ, ಮೈಸೂರು