ಅಪೂರ್ವಳಿಗೆ, ದೋಣಿ ಹತ್ತುವ ಮುನ್ನ

ಹೊನ್ನಾವರ

ಚಿರಂಜೀವಿ ಅಪೂರ್ವಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಮುಂಬಯಿಯಲ್ಲಿ ವಾರಾಂತ್ಯದ ಹಾಯಿದೋಣಿ ತರಗತಿಗೆ ಸೇರಿದ್ದೀಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ನಮ್ಮ ಮನೆತನದಲ್ಲಿ ಹಡಗು ಹತ್ತಿದವರಿದ್ದಾರೆ. ಎಂಜಿನ್ನಿಲ್ಲದೆ ಬರೀ ಗಾಳಿಯನ್ನು ನಂಬಿ ದೋಣಿ ನಡೆಸಲು ಹೊರಟವಳು ನೀನೇ ಮೊದಲು. ತರಗತಿಯವರು ಕೊಟ್ಟ ಉದ್ದನೆಯ ಪದಪಟ್ಟಿಯನ್ನು ನೋಡಿ ಕಂಗಾಲಾಗಿ, ಅದನ್ನು ಮೊದಲ ಅಕ್ಷರದಿಂದ ಬಾಯಿಪಾಠ ಮಾಡುತ್ತ ಕೂತಿದ್ದೀಯೆಂದೂ ತಿಳಿಯಿತು. ಆ ಪಟ್ಟಿಯನ್ನು ಸದ್ಯಕ್ಕೆ ಮಡಚಿಡು. ಅಕಾರಾದಿಯಾಗಿ ಕಲಿತ ಪದ ನೀರಿನ ಮೇಲೆ ಸಮಯಕ್ಕೆ ನಾಲಿಗೆಗೆ ಬರುವುದಿಲ್ಲ, ಕೈಗಂತೂ ಬರುವುದೇ ಇಲ್ಲ. ಮೊದಲು ಗಾಳಿಯ ಪದಗಳು, ಆಮೇಲೆ ದೋಣಿಯ ಬದಿಗಳದ್ದು, ಆಮೇಲೆ ಹಗ್ಗಗಳದ್ದು. ಈ ಅನುಕ್ರಮವನ್ನು ಹಿಡಿದು ಹೋಗು.

ಗಾಳಿಗೆ ಅದು ಬರುವ ದಿಕ್ಕಿನ ಹೆಸರು. ಪಡುವಣ ಗಾಳಿಯೆಂದರೆ ಪಡುವಣದಿಂದ ಬೀಸುವುದು. ಇದು ನಿನಗೆ ಗೊತ್ತೇ ಇದೆ. ಆದರೆ ನೀರಿನ ಸೆಳೆತಕ್ಕೆ ನಾವಿಕರು ಅದು ಹೋಗುವ ದಿಕ್ಕಿನ ಹೆಸರಿಡುತ್ತಾರೆ. ಹೀಗಾಗಿ ಪಶ್ಚಿಮದ ಗಾಳಿಯೂ ಪಶ್ಚಿಮದ ಸೆಳೆತವೂ ಒಂದಕ್ಕೊಂದು ಎದುರು. ನೀನು ಕಲಿಯುತ್ತಿರುವ ಜಾಗದಲ್ಲಿ ಇದನ್ನು ಮರೆಯುವಂತಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತದಲ್ಲಿ ಮುಂಬಯಿ ಬಂದರಿನ ನೀರು ನಾಲ್ಕೂವರೆ ಮೀಟರಿನ ಗುರುತನ್ನು ದಾಟುತ್ತದೆ. ನಮ್ಮ ಕಾರವಾರದಲ್ಲಿ ಅದರ ಅರ್ಧದಷ್ಟು ಬಂದರೆ ಹೆಚ್ಚು. ಅಷ್ಟೂ ನೀರು ಸುಮಾರು ಆರು ಗಂಟೆಯಲ್ಲಿ ಒಳಬಂದು, ಮತ್ತೆ ಆರು ಗಂಟೆಯಲ್ಲಿ ಹೊರಹೋಗಬೇಕು. ಇಳಿತದ ಸೆಳೆತ ಒಂದು ಕಡೆ, ಮಧ್ಯಾಹ್ನದ ಕಡಲಗಾಳಿ ಅದಕ್ಕೆ ಎದುರಾಗಿ ಇನ್ನೊಂದು ಕಡೆ ಆದಾಗ ಅಲೆಗಳು ಗಿಡ್ಡಗೆ, ಕಡಿದಾಗಿ ಏಳುತ್ತವೆ. ತರಗತಿಗೆ ಹೊರಡುವ ದಿನ ಬೆಳಿಗ್ಗೆ ಭರತ ಇಳಿತದ ಪಟ್ಟಿಯನ್ನು ನೋಡಿಕೊಂಡೇ ಹೋಗು.

ಗಾಳಿ ಬರುವ ಕಡೆಗೆ ವಿಂಡ್‌ವರ್ಡ್, ಅದು ಹೋಗುವ ಕಡೆಗೆ ಲೀವರ್ಡ್ ಎನ್ನುತ್ತಾರೆ. ಎರಡನೆಯದನ್ನು ಹಳೆಯ ನಾವಿಕರು 'ಲೂಅರ್ಡ್' ಎಂದು ಉಚ್ಚರಿಸುವುದರಿಂದ ಅದು ಬೇರೆಯೇ ಪದವೆಂದು ತಿಳಿದು ತಬ್ಬಿಬ್ಬಾಗಬೇಡ. ಯಾವ ಹಾಯಿದೋಣಿಯೂ ನೇರ ಗಾಳಿಗೆದುರಾಗಿ ಸಾಗಲಾರದು. ಗಾಳಿ ಬರುವ ದಿಕ್ಕಿನ ಎರಡೂ ಪಕ್ಕಕ್ಕೆ ಸುಮಾರು 45 ಡಿಗ್ರಿಯಷ್ಟು ನಿಷಿದ್ಧ ವಲಯ. ಅದರ ಅಂಚಿಗಂಟಿಕೊಂಡು, ಹಾಯಿಯನ್ನು ಬಿಗಿಯಾಗಿ ಒಳಗೆಳೆದುಕೊಂಡು ಸಾಗುವುದು ಕ್ಲೋಸ್ ಹಾಲ್ಡ್. ಗಾಳಿ ದೋಣಿಯ ಪಕ್ಕೆಗೆ ನೇರವಾಗಿ ಬಡಿದರೆ ಬೀಮ್ ರೀಚ್, ಆಗ ಹಾಯಿ ಅರ್ಧ ಹೊರಗೆ. ಹಿಂದಿನ ಮಗ್ಗುಲಿನಿಂದ ಬಂದರೆ ಬ್ರಾಡ್ ರೀಚ್. ಬೆನ್ನ ಹಿಂದಿನಿಂದಲೇ ಬಂದರೆ ರನ್, ಹಾಯಿ ಪೂರ್ತಿ ಹೊರಗೆ. ದೋಣಿಯ ಮೂತಿ ನಿಷಿದ್ಧ ವಲಯದಲ್ಲಿ ಸಿಕ್ಕಿಬಿದ್ದು, ಹಾಯಿ ಪಟಪಟ ಬಡಿಯುತ್ತ, ಚುಕ್ಕಾಣಿಯೂ ಕೇಳದೆ ನಿಂತುಬಿಟ್ಟರೆ ಅದಕ್ಕೆ ಇನ್ ಐರನ್ಸ್ ಎಂಬ ಹೆಸರಿದೆ. ಕಲಿಯುವವರಿಗೆಲ್ಲ ಇದು ಆಗಿಯೇ ಆಗುತ್ತದೆ. ದೋಣಿ ತಾನಾಗಿ ಹಿಂದಕ್ಕೆ ಸರಿಯತೊಡಗಿದಾಗ ಬೂಮನ್ನೂ (ದೊಡ್ಡ ಹಾಯಿಯ ಬುಡದ ಅಡ್ಡಮರ) ಚುಕ್ಕಾಣಿ ಕೋಲನ್ನೂ ಒಂದೇ ಬದಿಗೆ ನೂಕಿ ಹಿಡಿ. ಮೂತಿ ತಿರುಗಿದ ಮೇಲೆ ಎರಡನ್ನೂ ಎಳೆದುಕೊಂಡು ಹೊರಡು.

ಇನ್ನು ಬದಿಗಳು. ಮೂತಿ ಬೋ, ಹಿಂಭಾಗ ಸ್ಟರ್ನ್. ಮೂತಿಯ ಕಡೆಗೆ ಮುಖ ಮಾಡಿ ನಿಂತರೆ ನಿನ್ನ ಎಡಕ್ಕಿರುವುದು ಪೋರ್ಟ್, ಬಲಕ್ಕಿರುವುದು ಸ್ಟಾರ್‌ಬೋರ್ಡ್. ರಾತ್ರಿಯಲ್ಲಿ ಪೋರ್ಟ್ ಬದಿಗೆ ಕೆಂಪು ದೀಪ, ಸ್ಟಾರ್‌ಬೋರ್ಡ್ ಬದಿಗೆ ಹಸಿರು. ಸಣ್ಣ ದೋಣಿಯಲ್ಲಿ ಇಬ್ಬರು ಎದುರುಬದುರಾಗಿ ಕೂತಿರುವಾಗ 'ಎಡಕ್ಕೆ' ಎಂದರೆ ಯಾರ ಎಡ? ದೋಣಿಯ ಬದಿಗೆ ಹೆಸರಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. ಹಿಂದೆ ಎಡಬದಿಗೆ ಲಾರ್‌ಬೋರ್ಡ್ ಎನ್ನುತ್ತಿದ್ದರು. ಬಿರುಗಾಳಿಯಲ್ಲಿ ಕೂಗಿದಾಗ ಅದೂ ಸ್ಟಾರ್‌ಬೋರ್ಡೂ ಒಂದೇ ರೀತಿ ಕೇಳುತ್ತಿದ್ದುದರಿಂದ 1844ರಲ್ಲಿ ಬ್ರಿಟಿಷ್ ನೌಕಾಪಡೆ ಆ ಪದವನ್ನು ಕೈಬಿಟ್ಟಿತು.

ಚುಕ್ಕಾಣಿ ಕೋಲಿನ ವಿಚಾರವನ್ನು ನಿಧಾನವಾಗಿ ಓದಿಕೊ. ಅದಕ್ಕೆ ಟಿಲ್ಲರ್ ಎನ್ನುತ್ತಾರೆ. ಟಿಲ್ಲರನ್ನು ಸ್ಟಾರ್‌ಬೋರ್ಡಿಗೆ ನೂಕಿದರೆ ದೋಣಿಯ ಮೂತಿ ಪೋರ್ಟಿಗೆ ತಿರುಗುತ್ತದೆ. ಚುಕ್ಕಾಣಿ ತಿರುಗಿಸಲು ಚಕ್ರ ಬಂದ ಮೇಲೂ ಬ್ರಿಟಿಷ್ ಹಡಗುಗಳಲ್ಲಿ ಆದೇಶಗಳು ಟಿಲ್ಲರಿನ ಲೆಕ್ಕದಲ್ಲೇ ಉಳಿದಿದ್ದವು. 1912ರಲ್ಲಿ ಟೈಟಾನಿಕ್ ಹಡಗಿನ ಎದುರು ಹಿಮಗಡ್ಡೆ ಕಂಡಾಗ ಅಧಿಕಾರಿ ಕೊಟ್ಟ ಆದೇಶ 'ಹಾರ್ಡ್ ಅ-ಸ್ಟಾರ್‌ಬೋರ್ಡ್'. ಹಡಗು ತಿರುಗಿದ್ದು ಪೋರ್ಟಿಗೆ. ಆ ಕಾಲಕ್ಕೆ ಅದು ಸರಿಯಾದ ಆದೇಶವೇ, ಸರಿಯಾಗಿ ನಡೆದದ್ದೇ. 1930ರ ದಶಕದಲ್ಲಿ ಪದ್ಧತಿ ಬದಲಾಗಿ, ಆದೇಶದ ಪದವೂ ಹಡಗು ತಿರುಗುವ ದಿಕ್ಕೂ ಒಂದಾದವು. ದೊಡ್ಡ ಹಡಗಿನಲ್ಲಿ ನಮ್ಮ ಕಾಲದವರಿಗೆ ಆ ಗೊಂದಲವಿರಲಿಲ್ಲ. ನಿನ್ನ ಕೈಯಲ್ಲಿ ಮಾತ್ರ ನಿಜವಾದ ಟಿಲ್ಲರೇ ಇರುತ್ತದೆ. ಮೊದಲ ದಿನಗಳಲ್ಲಿ ಮನಸ್ಸಿಗೆ ಇದೊಂದೇ ಪಾಠ ಸಾಕು: ಟಿಲ್ಲರನ್ನು ಹಾಯಿಯ ಕಡೆಗೆ ನೂಕಿದರೆ ದೋಣಿ ಗಾಳಿಯತ್ತ ತಿರುಗಿ ನಿಧಾನವಾಗುತ್ತದೆ. ಹೆದರಿಕೆಯಾದಾಗ ಹೀಗೆ ಮಾಡಿ, ಕೈಯಲ್ಲಿರುವ ಶೀಟನ್ನು ಸಡಿಲ ಬಿಡು.

ಶೀಟ್ ಎಂದ ಕೂಡಲೇ ಎಲ್ಲರೂ ಬಟ್ಟೆಯ ಕಡೆ ನೋಡುತ್ತಾರೆ. ಶೀಟ್ ಎಂದರೆ ಹಾಯಿಯನ್ನು ಒಳಗೆಳೆಯುವ, ಹೊರಗೆ ಬಿಡುವ ಹಗ್ಗ. ದೊಡ್ಡ ಹಾಯಿಯದು ಮೇನ್‌ಶೀಟ್, ಮುಂದಿನ ಚಿಕ್ಕ ಹಾಯಿಯದು ಜಿಬ್‌ಶೀಟ್. ಹಾಯಿಯನ್ನು ಕೂವೆಮರದ ಮೇಲಕ್ಕೆ ಏರಿಸುವ ಹಗ್ಗ ಹ್ಯಾಲಿಯಾರ್ಡ್. 'ಶೀಟ್ ಇನ್' ಎಂದರೆ ಎಳೆ. 'ಈಸ್' ಎಂದರೆ ಹಿಡಿತ ಬಿಡದೆ ಸ್ವಲ್ಪ ಸ್ವಲ್ಪವೇ ಸಡಿಲಿಸು. 'ಲೆಟ್ ಗೋ' ಎಂದರೆ ಪೂರ್ತಿ ಬಿಟ್ಟುಬಿಡು. ಈ ಕೊನೆಯ ಎರಡರ ನಡುವಿನ ವ್ಯತ್ಯಾಸದ ಬಗ್ಗೆ ನಾನು ಹಟವಾಗಿ ಹೇಳುತ್ತೇನೆ. ಹಡಗನ್ನು ಬಂದರಿನ ಧಕ್ಕೆಗೆ ಕಟ್ಟುವಾಗ ಒಂದು ಹಗ್ಗದ ಮೇಲೆ ಬೀಳುವ ಬಿಗಿತ ಮನುಷ್ಯನ ಕಾಲು ಮುರಿಯಬಲ್ಲದು. ಸಡಿಲಿಸಬೇಕಾದದ್ದನ್ನು ಒಬ್ಬ ಬಿಟ್ಟುಬಿಟ್ಟರೆ ಪಕ್ಕದಲ್ಲಿ ನಿಂತವನಿಗೆ ಅಪಾಯ. ನಿನ್ನ ದೋಣಿಯ ಹಗ್ಗ ಬೆರಳಿನಷ್ಟೂ ದಪ್ಪವಿರುವುದಿಲ್ಲ, ಆದರೂ ಅದನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡ. ಗಾಳಿಯ ಒಂದು ಹೊಡೆತಕ್ಕೆ ದೋಣಿ ಮಗುಚುವಾಗ ಸುತ್ತಿದ ಹಗ್ಗ ಬಿಡಿಸಿಕೊಳ್ಳಲು ಆಗುವುದಿಲ್ಲ.

ಈಗ ಒಂದು ತಿರುವನ್ನು ಜತೆಯಲ್ಲೇ ನಡೆಸೋಣ. ಎರಡು ಹಾಯಿಯ ದೋಣಿ. ಟಿಲ್ಲರ್ ಹಿಡಿದವರು ಹಿಂದೆ, ಜಿಬ್‌ಶೀಟ್ ಹಿಡಿದು ನೀನು ಮುಂದೆ. ಗಾಳಿ ಸ್ಟಾರ್‌ಬೋರ್ಡಿನಿಂದ ಬರುತ್ತಿದೆ, ಬೂಮ್ ಪೋರ್ಟ್ ಬದಿಯಲ್ಲಿದೆ. ಹಿಂದಿನಿಂದ 'ರೆಡಿ ಅಬೌಟ್' ಎಂಬ ಕೂಗು ಬರುತ್ತದೆ. ಆಗ ನೀನು ತಿರುಗುವ ಕಡೆ ಬೇರೆ ದೋಣಿಯಿಲ್ಲವೆಂದು ನೋಡಿಕೊಂಡು, ಹಗ್ಗವನ್ನು ಕಚ್ಚಿಹಿಡಿಯುವ ಕ್ಲೀಟಿನಿಂದ ಶೀಟನ್ನು ಬಿಡಿಸಿ, ಕೈಯಲ್ಲಿ ಬಿಗಿಯಾಗಿಯೇ ಹಿಡಿದು 'ರೆಡಿ' ಎನ್ನುತ್ತೀಯೆ. ನೀನು ಹಾಗೆನ್ನುವ ತನಕ ತಿರುವು ಶುರುವಾಗಬಾರದು. ಆಮೇಲೆ 'ಲೀ ಓ'. ಟಿಲ್ಲರ್ ಲೀವರ್ಡ್ ಕಡೆಗೆ ಹೋಗುತ್ತದೆ, ಮೂತಿ ಗಾಳಿಯ ಕಣ್ಣನ್ನು, ಅಂದರೆ ಗಾಳಿ ಬರುವ ನೇರ ದಿಕ್ಕನ್ನು, ಹಾಯ್ದು ತಿರುಗುತ್ತದೆ, ಹಾಯಿಗಳು ಒಮ್ಮೆ ಸದ್ದುಮಾಡುತ್ತವೆ. ಅಲ್ಲಿ ಹಳೆಯ ಶೀಟನ್ನು ಬಿಟ್ಟು, ತಲೆ ತಗ್ಗಿಸಿ ಬೂಮಿನ ಕೆಳಗೆ ಆಚೆ ಬದಿಗೆ ದಾಟಿ, ಆ ಬದಿಯ ಶೀಟನ್ನು ಎಳೆದುಕೊಳ್ಳಬೇಕು. ಇದು ಟ್ಯಾಕ್. ಮೂತಿಯ ಬದಲು ಹಿಂಭಾಗ ಗಾಳಿಯನ್ನು ಹಾಯುವ ತಿರುವು ಜೈಬ್. ಅದರಲ್ಲಿ ಬೂಮ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒಮ್ಮೆಲೇ ಬೀಸಿಬರುತ್ತದೆ, ತಲೆಗೆ ಬಡಿದು ಪ್ರಾಣ ಹೋದದ್ದೂ ಉಂಟು. 'ಜೈಬ್' ಎಂಬ ಪದ ಕಿವಿಗೆ ಬಿದ್ದರೆ ಮಿಕ್ಕದ್ದನ್ನೆಲ್ಲ ಬಿಟ್ಟು ಮೊದಲು ತಲೆ ತಗ್ಗಿಸು.

ಟ್ಯಾಕ್ ಎಂಬುದು ತಿರುವಿಗೂ ಹೆಸರು, ದೋಣಿ ಸಾಗುವ ಬಗೆಗೂ ಹೆಸರು. ಗಾಳಿ ಯಾವ ಬದಿಯಿಂದ ಬರುತ್ತದೆಯೋ ದೋಣಿ ಆ ಬದಿಯ ಟ್ಯಾಕಿನಲ್ಲಿರುತ್ತದೆ. ಬೂಮ್ ಪೋರ್ಟಿನಲ್ಲಿದ್ದರೆ ನೀನು ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿದ್ದೀಯೆ. 1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳ ಹನ್ನೆರಡನೆಯ ನಿಯಮ ಇದರ ಮೇಲೆಯೇ ನಿಂತಿದೆ: ಎರಡು ಹಾಯಿದೋಣಿಗಳು ಬೇರೆ ಬೇರೆ ಟ್ಯಾಕಿನಲ್ಲಿ ಹತ್ತಿರವಾದರೆ ಪೋರ್ಟ್ ಟ್ಯಾಕಿನದು ದಾರಿ ಬಿಡಬೇಕು, ಒಂದೇ ಟ್ಯಾಕಿನಲ್ಲಿದ್ದರೆ ವಿಂಡ್‌ವರ್ಡ್ ಕಡೆಯದು ಬಿಡಬೇಕು. ಎದುರಿನವರು 'ಸ್ಟಾರ್‌ಬೋರ್ಡ್!' ಎಂದು ಕೂಗಿದರೆ ಅವರು ತಮ್ಮ ಹಕ್ಕನ್ನು ಹೇಳುತ್ತಿದ್ದಾರೆಂದು ತಿಳಿ.

ಎಂಜಿನ್ ಹಡಗು ಹಾಯಿದೋಣಿಗೆ ದಾರಿ ಬಿಡಬೇಕೆಂದೂ ನಿನಗೆ ಕಲಿಸುತ್ತಾರೆ. ಅಪೂರ್ವ, ಬಂದರಿನ ಕಾಲುವೆಯಲ್ಲಿ ದೊಡ್ಡ ಹಡಗಿನ ಎದುರು ಆ ನಿಯಮವನ್ನು ನೆನೆಯಲೇ ಬೇಡ. ಇಕ್ಕಟ್ಟಾದ ಕಾಲುವೆಯಲ್ಲಷ್ಟೇ ಸಾಗಬಲ್ಲ ಹಡಗಿಗೆ ಹಾಯಿದೋಣಿ ಅಡ್ಡಿಯಾಗಬಾರದೆಂದು ಒಂಬತ್ತನೆಯ ನಿಯಮ ಹೇಳುತ್ತದೆ. ನಾನು ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ನಿಂತು ಕೆಲಸ ಮಾಡಿದವನು, ಅಲ್ಲಿಂದ ಏನು ಕಾಣುತ್ತದೆಂದು ಬಲ್ಲೆ. ಕಂಟೇನರ್ ತುಂಬಿದ ಹಡಗಿನ ಮೂತಿಯ ಮುಂದೆ 500 ಮೀಟರಿನವರೆಗೂ ಸಮುದ್ರ ಕಣ್ಣಿಗೆ ಮರೆಯಾಗಿರಲು ಅಂತರರಾಷ್ಟ್ರೀಯ ನಿಯಮವೇ ಅವಕಾಶ ಕೊಟ್ಟಿದೆ. ಆ ಮರೆಯೊಳಗೆ ನಿನ್ನ ದೋಣಿ ಹೊಕ್ಕರೆ ಮೇಲಿರುವವನಿಗೆ ನೀನು ಇಲ್ಲವೇ ಇಲ್ಲ. ಕಂಡರೂ ಅವನಿಂದ ಹಡಗನ್ನು ಅಷ್ಟರೊಳಗೆ ನಿಲ್ಲಿಸಲಾಗುವುದಿಲ್ಲ. ದೂರದಿಂದಲೇ ಸರಿದುಹೋಗು.

ವೇಗವನ್ನು ನಾಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ: ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. 'ಗಂಟೆಗೆ ಐದು ನಾಟ್' ಎನ್ನಬೇಡ, ಗಂಟೆ ಅದರೊಳಗೇ ಇದೆ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗದ ಉದ್ದ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ. 360 ಡಿಗ್ರಿಗೆ 21,600 ಮೈಲಿ, ಅದೇ ಭೂಮಿಯ ಸುತ್ತಳತೆ. ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ತಾರಿಣಿ ಎಂಬ 56 ಅಡಿಯ ಹಾಯಿನೌಕೆಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. 2024-25ರಲ್ಲಿ ಅದೇ ತಾರಿಣಿಯನ್ನು ದಿಲ್ನಾ, ರೂಪಾ ಎಂಬ ಇಬ್ಬರೇ ಅಧಿಕಾರಿಗಳು ನಡೆಸಿ ಮತ್ತೊಮ್ಮೆ ಸುತ್ತಿಬಂದರು. ನೀನು ಈಗ ಕಲಿಯುತ್ತಿರುವ ಟ್ಯಾಕ್, ಜೈಬ್, ಶೀಟ್‌ಗಳೇ ಅವರ ಕೈಯಲ್ಲೂ ಇದ್ದವು.

ಒಂದು ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊ. ಆದೇಶ ಕೇಳಿದಾಗ ಅದನ್ನು ಗಟ್ಟಿಯಾಗಿ ತಿರುಗಿ ಹೇಳಿ, ಆಮೇಲೆ ಮಾಡು. ಸರಕು ಹಡಗಿನಲ್ಲಿ ಫಿಲಿಪೀನ್ಸಿನವರು, ಉಕ್ರೇನಿನವರು, ರತ್ನಾಗಿರಿಯವರು ಒಂದೇ ಪಾಳಿಯಲ್ಲಿರುತ್ತಾರೆ. ಎಲ್ಲರಿಗೂ ಸಾಮಾನ್ಯವಾದ ವಾಕ್ಯಗಳ ಕಟ್ಟನ್ನು ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2001ರಲ್ಲಿ ಅಂಗೀಕರಿಸಿದ್ದು ಇದೇ ಅಗತ್ಯಕ್ಕೆ. ಚುಕ್ಕಾಣಿ ಹಿಡಿದವನು 'ಪೋರ್ಟ್ ಟೆನ್' (ಚುಕ್ಕಾಣಿ ಪೋರ್ಟಿಗೆ ಹತ್ತು ಡಿಗ್ರಿ) ಎಂಬ ಆದೇಶವನ್ನು ಹಾಗೆಯೇ ತಿರುಗಿ ಹೇಳುವುದರಿಂದ ತಪ್ಪಾಗಿ ಕೇಳಿಸಿಕೊಂಡದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಕೇಳಿಸದಿದ್ದರೆ 'ಸೇ ಅಗೇನ್' ಎನ್ನು, ಅದಕ್ಕೆ ಸಂಕೋಚ ಬೇಡ. ಊಹಿಸಿ ಹಗ್ಗ ಎಳೆಯುವವರ ಜತೆ ದೋಣಿಯಲ್ಲಿರಲು ಯಾವ ನಾವಿಕನೂ ಒಪ್ಪುವುದಿಲ್ಲ.

ಗಂಟುಗಳಲ್ಲಿ ಸದ್ಯಕ್ಕೆ ಬೋಲಿನ್ ಮತ್ತು ಫಿಗರ್ ಎಯ್ಟ್ ಎರಡನ್ನು ಕಲಿ, ಕಣ್ಣು ಮುಚ್ಚಿಕೊಂಡು ಹಾಕುವಷ್ಟು. ಲೈಫ್ ಜಾಕೆಟ್ ನಿನ್ನ ಅಳತೆಯದೇ ಇರಲಿ, ಪಟ್ಟಿಗಳನ್ನೆಲ್ಲ ಬಿಗಿದುಕೊ. ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜಲು ಹೋಗಬೇಡ. ಮಗುಚಿದ ದೋಣಿ ತೇಲುತ್ತದೆ, ಹುಡುಕುವವರಿಗೆ ದೂರದಿಂದ ಕಾಣುವುದೂ ಅದೇ.

ಮೊದಲ ತರಗತಿ ಮುಗಿದ ಮೇಲೆ ನಿನಗೆ ಕೊಟ್ಟ ದೋಣಿ ಯಾವ ವರ್ಗದ್ದೆಂದು ತಿಳಿಸು. ಅದರ ಹಗ್ಗಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ಚಿತ್ರ ಬರೆದು ಅಂಚೆಯಲ್ಲಿ ಕಳುಹಿಸುತ್ತೇನೆ.

ಇಂತಿ,
ನಿನ್ನ ಸೋದರಮಾವ