ಸ್ಪ್ಯಾನರ್ ಹಿಡಿಯುವ ಮೊದಲು ವಾಲ್ವ್ ಹುಡುಕು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಸಿಂಕಿನ ಕೆಳಗೆ ಹನಿ ಸೋರುತ್ತಿತ್ತು, ನೀನು ಇನ್ನೊಂದು ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದೆ ಅಂದುಕೊಂಡೆ, ಸ್ಪ್ಯಾನರ್ ಹಾಕಿ ತಿರುಗಿಸಿದೆ, ಪ್ಲಾಸ್ಟಿಕ್ ನಟ್ಟು ಸೀಳಿತು, ಆಮೇಲೆ ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಯೆಲ್ಲ ಹುಡುಕುವಷ್ಟರಲ್ಲಿ ಅಡುಗೆಮನೆ ಪೂರ್ತಿ ನೀರು. ಕೊನೆಗೆ "ನನಗೆ ಇದೆಲ್ಲ ಆಗಿಬರಲ್ಲ ದೊಡ್ಡಮ್ಮ" ಅಂದೆ. ಆ ಮಾತು ಕೇಳಿ ಬೇಜಾರಾಯಿತು. ಆಗಿಬರುತ್ತದೆ ಕಣೇ. ನೀನು ಮಾಡಿದ ತಪ್ಪನ್ನು ಮನೆಯ ನಲ್ಲಿ ರಿಪೇರಿಗೆ ಕೈಹಾಕಿದವರು ಹೆಚ್ಚುಕಮ್ಮಿ ಎಲ್ಲರೂ ಒಮ್ಮೆ ಮಾಡಿರುತ್ತಾರೆ. ನಾನೂ ಮಾಡಿದ್ದೇನೆ. ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೀರು ನಿಲ್ಲಿಸುವ ಮಾತು. ನಿಮ್ಮ ಮನೆಗೆ ನೀರು ಮೇಲಿನ ಟ್ಯಾಂಕಿನಿಂದ ಬರಲಿ, ನೇರ ಬೀದಿಯ ಪೈಪಿನಿಂದ ಬರಲಿ, ಅದನ್ನು ನಿಲ್ಲಿಸುವ ವಾಲ್ವ್ ಒಂದು ಕಡೆ ಇದ್ದೇ ಇರುತ್ತದೆ. ಕೆಲಸ ಇಲ್ಲದ ದಿನ ಅದನ್ನು ಹುಡುಕಿಟ್ಟುಕೊಳ್ಳಬೇಕು. ನೀರು ಚಿಮ್ಮುತ್ತಿರುವಾಗ ಹುಡುಕಿದರೆ ಕಣ್ಣೆದುರಿಗಿದ್ದರೂ ಕಾಣಿಸುವುದಿಲ್ಲ. ಹುಡುಕಿದ್ದಷ್ಟೇ ಸಾಲದು, ತಿರುಗಿಸಿಯೂ ನೋಡಬೇಕು.

ನನಗೆ ಆಗಿದ್ದು ಇದೇ. ಬಹಳ ವರ್ಷದ ಹಿಂದೆ ಬಚ್ಚಲಿನ ನಲ್ಲಿ ಬದಲಾಯಿಸಲು ಹೋದೆ. ಮೇನ್ ವಾಲ್ವ್ ಮುಚ್ಚಿದ್ದೆ, ಚಕ್ರ ಪೂರ್ತಿ ತಿರುಗಿತ್ತು, ನಿಂತಿದೆ ಅಂತಲೇ ನಂಬಿದೆ. ನಲ್ಲಿ ಬಿಚ್ಚಿದ ಕೂಡಲೇ ನೀರು ಎದೆಗೆ ಬಡಿಯಿತು. ಅದು ಹಳೇ ಗೇಟ್ ವಾಲ್ವ್. ವರ್ಷಗಟ್ಟಲೆ ತೆರೆದೇ ಇದ್ದರೆ ಅದರ ಒಳಗೆ ಸುಣ್ಣ, ತುಕ್ಕು ಕೂರುತ್ತದೆ. ಮೇಲಿನ ಚಕ್ರ ತಿರುಗುತ್ತದೆ, ಒಳಗಿನ ತಟ್ಟೆ ಮಾತ್ರ ಪೂರ್ತಿ ಕೆಳಗೆ ಇಳಿಯುವುದಿಲ್ಲ. ಅವತ್ತಿನಿಂದ ನಾನು ಒಂದು ಕ್ರಮ ಬಿಟ್ಟಿಲ್ಲ. ವಾಲ್ವ್ ಮುಚ್ಚುತ್ತೇನೆ, ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ನಲ್ಲಿ ತೆರೆದಿಡುತ್ತೇನೆ, ಮೇಲಿನ ಒಂದು ನಲ್ಲಿಯನ್ನೂ ತೆರೆಯುತ್ತೇನೆ, ಪೈಪಿನಲ್ಲಿ ಉಳಿದ ನೀರೆಲ್ಲ ಇಳಿದು ಧಾರೆ ನಿಂತು ಹನಿಯೂ ನಿಂತ ಮೇಲೆಯೇ ಸ್ಪ್ಯಾನರ್ ಮುಟ್ಟುತ್ತೇನೆ. ಹನಿ ನಿಲ್ಲದೇ ಇದ್ದರೆ ವಾಲ್ವ್ ಕೆಟ್ಟಿದೆ ಅಂತ ಅರ್ಥ. ಅವತ್ತು ಆ ಕೆಲಸ ಬೇಡ.

ವರ್ಷಕ್ಕೆ ಎರಡು ಸಲ ಮನೆಯ ಎಲ್ಲ ವಾಲ್ವ್‌ಗಳನ್ನೂ ಒಮ್ಮೆ ಮುಚ್ಚಿ ತೆರೆ. ಸಿಂಕಿನ ಕೆಳಗಿನ ಆಂಗಲ್ ಕಾಕ್ ಅನ್ನುವ ಸಣ್ಣ ವಾಲ್ವ್, ಫ್ಲಶ್ ಟ್ಯಾಂಕಿನ ಪಕ್ಕದ್ದು, ಎಲ್ಲವನ್ನೂ. ಗಟ್ಟಿಯಾಗಿ ಕೂತಿದ್ದರೆ ಜೋರು ಮಾಡಬೇಡ, ಒಳಗಿನ ಕಡ್ಡಿ ಮುರಿದರೆ ವಾಲ್ವನ್ನೇ ಬದಲಾಯಿಸಬೇಕಾಗುತ್ತದೆ. ಹೇಗೂ ಬದಲಾಯಿಸುವುದಾದರೆ ಬಾಲ್ ವಾಲ್ವ್ ಹಾಕಿಸು. ಕಾಲು ಸುತ್ತಿಗೆ ನಿಲ್ಲುತ್ತದೆ. ಹಿಡಿ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ದೂರದಿಂದ ನೋಡಿದರೂ ಗೊತ್ತಾಗುತ್ತದೆ.

ಇನ್ನು ಬಿಗಿ ಮಾಡುವ ವಿಷಯ. ನಿನ್ನ ನಟ್ಟು ಯಾಕೆ ಸೀಳಿತು ಅಂತ ಕೇಳಿದೆಯಲ್ಲ, ಇದನ್ನು ಸ್ವಲ್ಪ ನಿಧಾನವಾಗಿ ಓದು. ನೀರು ತಡೆಯುವುದು ನಟ್ಟು ಅಂತ ನಾವು ತಿಳಿದಿರುತ್ತೇವೆ. ಸಿಂಕಿನ ಕೆಳಗಿನ ಜಾಯಿಂಟಿನಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ನಟ್ಟು ಆ ವಾಷರನ್ನು ಒತ್ತಿ ಹಿಡಿಯುತ್ತದೆ, ಅಷ್ಟೆ. ವಾಷರ್ ಒಣಗಿ ಕಲ್ಲಾಗಿದ್ದರೆ, ಓರೆಯಾಗಿ ಕೂತಿದ್ದರೆ, ನಡುವೆ ಒಂದು ಮರಳಿನ ಕಾಳು ಸಿಕ್ಕಿದ್ದರೆ, ನೀನು ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ಬಿಗಿ ಮಾಡಿದಷ್ಟೂ ರಬ್ಬರ್ ಚಪ್ಪಟೆಯಾಗಿ ಪಕ್ಕಕ್ಕೆ ಜಾರುತ್ತದೆ, ಇನ್ನೂ ಜಾಸ್ತಿ ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ. ನೀನು ಮಾಡಬೇಕಾಗಿದ್ದದ್ದು ಬಿಚ್ಚಿ, ಒರೆಸಿ, ವಾಷರ್ ನೋಡಿ, ಹೊಸದು ಹಾಕುವುದು. ನಟ್ಟನ್ನು ಬರಿಗೈಯಲ್ಲಿ ಕೊನೆವರೆಗೂ ತಿರುಗಿಸು. ಕೈಯಲ್ಲಿ ಸಲೀಸಾಗಿ ಹೋಗದೆ ಮೊದಲ ಸುತ್ತಿಗೇ ಬಿಗಿಯಾದರೆ ಥ್ರೆಡ್, ಅಂದರೆ ತಿರುಗಿಸುವ ಸುರುಳಿ ಗೆರೆ, ಅಡ್ಡ ಸಿಕ್ಕಿದೆ, ಹಿಂದೆ ಬಂದು ಮತ್ತೆ ಶುರು ಮಾಡು. ಪ್ಲಾಸ್ಟಿಕ್ ನಟ್ಟಿಗೆ ಹೆಚ್ಚಿನಂಶ ಕೈಬಿಗಿಯೇ ಸಾಕು. ಲೋಹದ ನಟ್ಟಿದ್ದರೆ ಕೈಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು. ನೀರು ಬಿಟ್ಟು ನೋಡಿ, ಬೇಕಾದರೆ ಇನ್ನೊಂದು ಚೂರು. ಕಮೋಡ್, ವಾಷ್ ಬೇಸಿನ್ ಕೂರಿಸುವ ಬೋಲ್ಟುಗಳಿಗೂ ಇದೇ ಮಾತು. ಪಿಂಗಾಣಿ ಬಾಗುವುದಿಲ್ಲ, ಸೀಳುತ್ತದೆ.

ಟೆಫ್ಲಾನ್ ಟೇಪಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ನೀನು "ಟೇಪ್ ದಪ್ಪಗೆ ಸುತ್ತಿದ್ದೆ" ಅಂದೆ. ಟೇಪು ಎಲ್ಲ ಕಡೆ ಬೇಡ. ಥ್ರೆಡ್ಡೇ ನೀರು ತಡೆಯಬೇಕಾದ ಕಡೆ, ಅಂದರೆ ಗೋಡೆಯ ಎಲ್ಬೋಗೆ (ಪೈಪಿನ ಬಾಗಿದ ಜಾಯಿಂಟಿಗೆ) ನಲ್ಲಿ ತಿರುಗಿಸುವ ಕಡೆ ಬೇಕು. ಒಳಗೆ ರಬ್ಬರ್ ವಾಷರ್ ಇರುವ ಕನೆಕ್ಷನ್ ಪೈಪಿನ ನಟ್ಟಿಗೆ ಟೇಪಿನಿಂದ ಏನೂ ಉಪಯೋಗವಿಲ್ಲ. ದಪ್ಪಗೆ ಸುತ್ತಿದ್ದರಿಂದ ನಟ್ಟಿಗೆ ಒಳಗಿನಿಂದ ಒತ್ತಡವೂ ಬಿದ್ದಿದೆ. ಬೇಕಾದ ಕಡೆ ಸುತ್ತುವಾಗ ಹಳೇ ಟೇಪನ್ನು ಪೂರ್ತಿ ಕೆರೆದು ತೆಗೆ. ಥ್ರೆಡ್ಡಿನ ಬಾಯಿ ನಿನ್ನ ಕಡೆ ಇರುವಂತೆ ಹಿಡಿದುಕೊಂಡು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಎಳೆದು ಎಳೆದು ಸುತ್ತು. ಮೊದಲ ಥ್ರೆಡ್ ಖಾಲಿ ಬಿಡು. ತೆಳು ಟೇಪಾದರೆ 4-5 ಸುತ್ತು ಬೇಕು. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಹೊರಗೆ ಬರುತ್ತದೆ. ಇನ್ನೊಂದು, ನಲ್ಲಿ ನೆಟ್ಟಗೆ ಬರಲಿ ಅಂತ ಬಿಗಿ ಮಾಡಿದ ಮೇಲೆ ಹಿಂದಕ್ಕೆ ತಿರುಗಿಸಬಾರದು. ಹಿಂದಕ್ಕೆ ತಂದರೆ ಟೇಪಿನ ಹಿಡಿತ ಹೋಯಿತು. ಬಿಚ್ಚಿ, ಹೊಸ ಟೇಪು ಸುತ್ತಿ, ಮೊದಲಿಂದ ಮಾಡು.

ಸೋರುವ ಜಾಗಕ್ಕೆ ಹೊರಗಿನಿಂದ ಎಂ-ಸೀಲ್‌ನಂಥ ಅಂಟು ಮೆತ್ತುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಟ್ಯಾಂಕು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಪೈಪಿನ ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಇರುತ್ತದೆ. ಹೊರಗೆ ಮೆತ್ತಿದ್ದನ್ನು ನೀರು ಹಗಲು ರಾತ್ರಿ ಒಳಗಿನಿಂದ ತಳ್ಳುತ್ತಲೇ ಇರುತ್ತದೆ. ಪೈಪು ಚೆನ್ನಾಗಿ ಒಣಗಿಸಿ ಹಚ್ಚಿದ್ದರೆ ಒಂದು ರಾತ್ರಿ ಕಳೆಯುವ ಮಟ್ಟಿಗೆ ಅದು ಸರಿ. ಅದನ್ನೇ ರಿಪೇರಿ ಅಂದುಕೊಳ್ಳಬಾರದು.

ಪ್ಲಾಸ್ಟಿಕ್ ಪೈಪು ಅಂಟಿಸುವ ಕೆಲಸ ನೋಡಲು ಸುಲಭ. ಅದರಲ್ಲೇ ಜಾಸ್ತಿ ತಪ್ಪಾಗುತ್ತದೆ. ಬಿಳಿ ಪೈಪೆಲ್ಲ ಒಂದೇ ಅಲ್ಲ. ಪಿವಿಸಿ ಪೈಪು 60 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ, ಅದೂ ಒತ್ತಡ ಇದ್ದರೆ ಅಷ್ಟು ಬಿಸಿಯಲ್ಲಿ ತಡೆಯುವುದಿಲ್ಲ. ಬಿಸಿನೀರಿಗೆ ಸಿಪಿವಿಸಿ ಬೇಕು, ಅದು ಸುಮಾರು 93 ಡಿಗ್ರಿ ತನಕ ತಾಳುತ್ತದೆ. ಎರಡಕ್ಕೂ ಸಾಲ್ವೆಂಟ್ (ಪೈಪು ಜೋಡಿಸಲು ಹಚ್ಚುವ ದ್ರವ) ಬೇರೆ ಬೇರೆ, ಡಬ್ಬಿಯ ಮೇಲೆ ಓದಿ ಹಾಕು. ಸಾಲ್ವೆಂಟ್ ಗೋಂದಿನ ಹಾಗೆ ಅಂಟಿಸುವುದಿಲ್ಲ, ಎರಡೂ ಮೈಯನ್ನು ಕರಗಿಸಿ ಒಂದಾಗಿಸುತ್ತದೆ. ಅದಕ್ಕೇ ಒಂದು ಹನಿ ನೀರೂ ಇರಬಾರದು. ನೇರವಾಗಿ ಕತ್ತರಿಸು, ಅಂಚಿನ ಸಿಬಿರು ಕೆರೆ, ಹಚ್ಚುವ ಮೊದಲೇ ಒಮ್ಮೆ ಒಣದಾಗಿ ಜೋಡಿಸಿ ಎಲ್ಲಿಯ ತನಕ ಒಳಹೋಗುತ್ತದೆ ಅಂತ ಗೆರೆ ಎಳೆ, ಆಮೇಲೆ ಎರಡು ಕಡೆಗೂ ತೆಳುವಾಗಿ ಹಚ್ಚಿ ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ ಅರ್ಧ ನಿಮಿಷ ಅಲುಗಾಡದ ಹಾಗೆ ಹಿಡಿದುಕೋ. ಕೈಬಿಟ್ಟರೆ ಅದು ತಾನಾಗಿ ಸ್ವಲ್ಪ ಹಿಂದೆ ಬರುತ್ತದೆ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಕಾಯದೆ ನೀರು ಬಿಡಬೇಡ. ಚಳಿ ಇದ್ದರೆ ಇನ್ನೂ ಜಾಸ್ತಿ ಹೊತ್ತು. ಹೆಚ್ಚು ಜನ ಎಡವುವುದು ಈ ಕಾಯುವ ಕಡೆಯೇ. ಮನೆಯವರು ನೀರಿಲ್ಲ ಅಂತ ಗೊಣಗುತ್ತಾರೆ, ಇವರು ವಾಲ್ವ್ ತೆರೆಯುತ್ತಾರೆ. ಒಂದೆರಡು ಬಕೆಟ್ ನೀರು ಮೊದಲೇ ತುಂಬಿಟ್ಟುಕೊಂಡರೆ ಯಾರೂ ಅವಸರ ಮಾಡುವುದಿಲ್ಲ.

ತಾಮ್ರದ ಪೈಪನ್ನು ಜಿಐ ಪೈಪಿಗೆ (ಸತು ಲೇಪಿಸಿದ ಕಬ್ಬಿಣದ ಪೈಪಿಗೆ) ನೇರ ಸೇರಿಸಬಾರದು, ಆ ಜಾಗದಲ್ಲಿ ಜಿಐ ಬೇಗ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ಒಳ ಥ್ರೆಡ್ಡಿಗೆ ಲೋಹದ ನಲ್ಲಿ ತಿರುಗಿಸಬೇಕಾದರೆ ಹಿತ್ತಾಳೆ ಕೂರಿಸಿದ ಎಲ್ಬೋ ತೆಗೆದುಕೋ, ಬರೀ ಪ್ಲಾಸ್ಟಿಕ್ ಆದರೆ ಸೀಳುವ ಭಯ.

ಸಿಂಕು ಕಟ್ಟಿಕೊಂಡಾಗ ನೀನು ಪುಡಿ ಸುರಿಯುವವಳು ಅಂತ ನನಗೆ ಗೊತ್ತು. ಇದೊಂದು ಕೆಲಸ ದಯವಿಟ್ಟು ಬಿಡು. ಆ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ. ನೀರು ತಗುಲಿದರೆ ಕುದಿಯುವಷ್ಟು ಬಿಸಿಯಾಗುತ್ತದೆ, ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಅದು ಕೆಲಸ ಮಾಡಲಿಲ್ಲ ಅಂತ ಮೇಲೆ ಆಸಿಡ್ ಸುರಿದರೆ ಎರಡೂ ಸೇರಿ ಸಿಡಿಯುತ್ತದೆ. ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಪುಡಿ ಹಾಕಿದ ಮೇಲೆ ರಬ್ಬರ್ ಬಟ್ಟಲಿನ ಪಂಪು ಒತ್ತುವುದೂ ಬೇಡ, ಆ ನೀರು ಮುಖಕ್ಕೆ ಹಾರುತ್ತದೆ. ಈಗಾಗಲೇ ಹಾಕಿದ್ದರೆ, ಬಿಚ್ಚಲು ಬರುವವರಿಗೆ ಮೊದಲೇ ಹೇಳಿಬಿಡು, ಪಾಪ ಅವರಿಗೆ ಗೊತ್ತಿರುವುದಿಲ್ಲ.

ಅದರ ಬದಲು ರಬ್ಬರ್ ಪಂಪು ತೆಗೆದುಕೋ. ಅದರ ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸು, ಬೇಸಿನ್ನಿನ ಮೇಲಿನ ತೂತನ್ನು ಒದ್ದೆ ಬಟ್ಟೆಯಿಂದ ಮುಚ್ಚು. ಆ ತೂತು ತೆರೆದಿದ್ದರೆ ಗಾಳಿ ಅಲ್ಲೇ ಹೋಗಿಬಿಡುತ್ತದೆ, ಪಂಪು ಎಷ್ಟು ಒತ್ತಿದರೂ ಸುಮ್ನೆ. ಅದಕ್ಕೂ ಬಗ್ಗದಿದ್ದರೆ ಕೆಳಗೆ ಬಕೆಟ್ ಇಟ್ಟು ಟ್ರ್ಯಾಪ್ ಬಿಚ್ಚು. ಟ್ರ್ಯಾಪ್ ಅಂದರೆ ಸಿಂಕಿನ ಕೆಳಗೆ ಬಾಗಿ ಮೇಲೇಳುವ ಪೈಪು. ಕೂದಲು, ಜಿಡ್ಡು ಹೆಚ್ಚಾಗಿ ಅಲ್ಲೇ ಕೂತಿರುತ್ತದೆ. ತೊಳೆದು ಮತ್ತೆ ಹಾಕು, ತೆಗೆದು ಎಸೆಯಬೇಡ. ಆ ಬಾಗಿನಲ್ಲಿ ಸುಮಾರು 5 ಸೆಂಟಿಮೀಟರ್ ನೀರು ಸದಾ ನಿಂತಿರಬೇಕು, ಮೋರಿಯ ಗಾಳಿಯನ್ನು ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. ಸುಕ್ಕು ಸುಕ್ಕಾದ ಬಗ್ಗುವ ಪೈಪನ್ನು ನೇರವಾಗಿ ಎಳೆದು ಜೋಡಿಸಿದರೆ ಬಾಗೇ ಇರುವುದಿಲ್ಲ, ಮನೆಯೆಲ್ಲ ವಾಸನೆ. ಬಳಸದ ಬಚ್ಚಲಲ್ಲಿ ವಾಸನೆ ಬಂದರೆ ಮೊದಲು ಒಂದು ಚೆಂಬು ನೀರು ಸುರಿದು ನೋಡು, ಟ್ರ್ಯಾಪ್ ಒಣಗಿರುತ್ತದೆ. ಮೋರಿ ಪೈಪಿಗೆ ಇಳಿಜಾರು ಮೀಟರಿಗೆ 2 ಸೆಂಟಿಮೀಟರಿನಷ್ಟು ಬೇಕು ಅನ್ನುವುದನ್ನೂ ನೆನಪಿಡು.

ಈಗ ಗೀಸರ್. ಇಲ್ಲಿ ನಾನು ಕಟ್ಟುನಿಟ್ಟು. 15 ಲೀಟರಿನ ಗೀಸರಿನಲ್ಲಿ ನೀರು 20ರಿಂದ 60 ಡಿಗ್ರಿಗೆ ಕಾದರೆ ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದ ನೀರು ಹೋಗಲು ದಾರಿ ಬೇಕು. ಕಾಯುವಾಗ ಸೇಫ್ಟಿ ವಾಲ್ವಿನಿಂದ ಒಂದಿಷ್ಟು ಹನಿ ಬೀಳುವುದು ಅದಕ್ಕೇ. ಸೋರುತ್ತಿದೆ ಅಂತ ಯಾರಾದರೂ ಅದಕ್ಕೆ ಪ್ಲಗ್ ಹಾಕಿದರೆ ಒತ್ತಡ ಏರಿ ಗೀಸರ್ ಸಿಡಿಯಬಹುದು. ಕಾಯದೇ ಇರುವಾಗಲೂ ಸೋರಿದರೆ ತಿಳಿದವರನ್ನು ಕರೆಸು. ನೀರಿನ ಯಾವ ಕೆಲಸ ಮಾಡುವಾಗಲೂ ಗೀಸರಿನ ಸ್ವಿಚ್ ಆರಿಸಿರಬೇಕು, ಮತ್ತೆ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬಂದ ಮೇಲೆಯೇ ಹಾಕಬೇಕು. ಖಾಲಿ ಗೀಸರ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಗೀಸರಿನ ಒಳಗಿನ ಕೆಲಸ, ಗೋಡೆಯೊಳಗಿನ ಪೈಪು, ಗ್ಯಾಸ್ ಪೈಪು, ಈ ಮೂರಕ್ಕೆ ನೀನು ಕೈಹಾಕುವುದು ಬೇಡ. ನಾನೂ ಹಾಕುವುದಿಲ್ಲ.

ಇನ್ನೆರಡು ಸಣ್ಣ ವಿಷಯ ಇದೆ. ಏನೇ ಬಿಚ್ಚುವ ಮೊದಲು ಫೋಟೋ ತೆಗೆ, ಸಿಂಕಿನ ತೂತಿಗೆ ಬಟ್ಟೆ ತುರುಕು, ಸ್ಕ್ರೂ ಒಳಗೆ ಬೀಳುವುದಿಲ್ಲ. ಹಳೇ ವಾಷರ್, ನಲ್ಲಿಯ ಒಳಗಿನ ಹಳೇ ಕಾರ್ಟ್ರಿಜ್ ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗು, "ಇದೇ ತರಹದ್ದು" ಅಂತ ಬಾಯಲ್ಲಿ ಹೇಳಿ ತಂದದ್ದು ಎಷ್ಟೋ ಸಲ ಕೂರುವುದಿಲ್ಲ.

ಕೆಲಸ ಮುಗಿದ ಮೇಲೆ ವಾಲ್ವ್ ನಿಧಾನವಾಗಿ ತೆರೆ. ಜಾಯಿಂಟನ್ನು ಒರೆಸಿ, ಸುತ್ತ ಒಣ ಟಿಶ್ಯೂ ಪೇಪರ್ ಕಟ್ಟಿಡು. ಕಣ್ಣಿಗೆ ಕಾಣದ ಹನಿ ಪೇಪರಿನಲ್ಲಿ ಕಾಣಿಸುತ್ತದೆ. ಅರ್ಧ ಗಂಟೆ ಬಿಟ್ಟು ಒಮ್ಮೆ, ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ನೋಡು. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ 86,400 ಹನಿ. 20 ಹನಿಗೆ 1 ಮಿಲಿಲೀಟರ್ ಅಂತ ಹಿಡಿದರೂ 4 ಲೀಟರ್ ದಾಟುತ್ತದೆ. ಸಿಂಕಿನ ಕೆಳಗಿನ ಮರದ ಹಲಗೆ ಅದನ್ನು ಸದ್ದಿಲ್ಲದೆ ಕುಡಿಯುತ್ತಾ ಹೋಗುತ್ತದೆ.

ಒಡೆದ ನಟ್ಟು, ಹಳೇ ವಾಷರ್ ಎರಡನ್ನೂ ಎಸೆಯಬೇಡ, ಹೊಸದು ತರಲು ಬೇಕು. ಸಿಂಕಿನ ಕೆಲಸ ನಾಳೆಗಿರಲಿ. ಇವತ್ತು ಸಂಜೆ ಮೇನ್ ವಾಲ್ವ್ ಹತ್ತಿರ ಹೋಗಿ ಮುಚ್ಚಿ ನೋಡು, ಕೆಳಗಿನ ನಲ್ಲಿಯಲ್ಲಿ ಹನಿ ಪೂರ್ತಿ ನಿಂತಿತಾ ಇಲ್ಲವಾ ಅಂತ ನನಗೆ ಫೋನ್ ಮಾಡಿ ಹೇಳು. ನಿಂತಿದ್ದರೆ ನಾಳೆ ನಟ್ಟು ಹಾಕುವಾಗ ಫೋನ್ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೋ, ನಾನು ಜೊತೆಗಿರುತ್ತೇನೆ.

ನಿನ್ನ
ದೊಡ್ಡಮ್ಮ