ಹೆಡ್‌ಮಾಸ್ಟರ್‌ಗಳಿಗೂ ಕಲಿಯೋಕೆ ಟೈಮ್ ಕೊಡಿ

ಮಾನ್ಯ ಸಂಪಾದಕರೇ,

ಚೆನ್ನಾಗಿ ಪಾಠ ಮಾಡೋರನ್ನ ಹೆಡ್‌ಮಾಸ್ಟರ್ ಮಾಡಿಬಿಟ್ರೆ ಶಾಲೆ ನಡೆಸೋದು ತಾನಾಗೇ ಬರುತ್ತೆ ಅಂತ ಅಂದ್ಕೊಂಡಿರ್ತೀವಿ, ಆದ್ರೆ ಅದು ಬೇರೇನೇ ಕೆಲಸ, ಎರಡು ದಿನ ಟ್ರೈನಿಂಗ್ ಕೊಟ್ಟು ಸರ್ಟಿಫಿಕೇಟ್ ಕೈಗಿಟ್ರೆ ಬರಲ್ಲ. 2008ರಲ್ಲಿ ನ್ಯೂಜಿಲೆಂಡ್‌ನ ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು ಹಲವು ಸ್ಟಡಿಗಳನ್ನ ಒಟ್ಟಿಗಿಟ್ಟು ನೋಡಿದಾಗ, ಟೀಚರ್‌ಗಳ ಕಲಿಕೆಗೆ ಒತ್ತಾಸೆ ಕೊಟ್ಟು ತಾವೂ ಅವರ ಜೊತೆ ಕೂತು ಕಲಿಯೋ ಮುಖ್ಯಸ್ಥರಿಂದಲೇ ಮಕ್ಕಳಿಗೆ ಹೆಚ್ಚು ಲಾಭ ಅಂತ ಕಂಡುಬಂತು. ಅಂದ್ರೆ ಕ್ಲಾಸಲ್ಲಿ ಹಿಂದೆ ಕೂತು ನೋಡೋದು, ಆಮೇಲೆ ಟೀಚರ್ ಜೊತೆ ಮನಸ್ಸು ಬಿಚ್ಚಿ ಮಾತಾಡೋದು, ಆ ಮಾತು ಸರಿಹೋಯ್ತಾ ಅಂತ ಅನುಭವ ಇರೋ ಇನ್ನೊಬ್ಬ ಹೆಡ್‌ಮಾಸ್ಟರ್ ಹತ್ರ ಕೇಳಿ ತಿದ್ಕೊಳ್ಳೋದು, ಮತ್ತೆ ಮಾಡಿ ನೋಡೋದು, ಇದೆಲ್ಲ ವರ್ಷಗಟ್ಲೆ ನಡೀಬೇಕು. ಈಗ ಹೆಡ್‌ಮಾಸ್ಟರ್‌ಗಳ ದಿನ ಪೂರ್ತಿ ರಿಪೋರ್ಟು, ಮೀಟಿಂಗಲ್ಲೇ ಹೋಗುತ್ತೆ. ಮೊದಲು ಆ ಹೊರೆ ಇಳಿಸಿ, ಹೊಸಬರಿಗೆ ಕನಿಷ್ಠ ಒಂದು ವರ್ಷ ಮೆಂಟರ್ ಕೊಡಿ.

– ಒಬ್ಬ ಶಿಕ್ಷಕಿ